ಮಾಯಾಕನ್ನಡಕವೂ ಮೈಯ ಸಾಕ್ಷಿಯೂ

ಶಿವಮೊಗ್ಗದ ಗಾಂಧಿ ಬಜಾರು ಎರಡು ವರ್ಷಗಳಿಗೊಮ್ಮೆ ತವರುಮನೆಯಾಗುತ್ತದೆ. ಕೋಟೆ ಮಾರಿಕಾಂಬೆಯ ಜಾತ್ರೆಯ ಮೊದಲ ದಿನ ದೇವಿಯನ್ನು ಇಲ್ಲಿ ಕುಳ್ಳಿರಿಸಿ, ಪೂಜೆ ಸಲ್ಲಿಸಿ, ಆಮೇಲೆ ಕೋಟೆಯ ಗದ್ದುಗೆಗೆ ಕರೆದೊಯ್ಯುವುದು ಊರಿನ ಸಂಪ್ರದಾಯವು. ಜಾತ್ರೆಯೆಂದ ಮೇಲೆ ಬೆಂಡು ಬತ್ತಾಸು, ಬಳೆ, ಬಲೂನುಗಳು ಹೇಗೋ ಹಾಗೆಯೇ ತಿರುಗುವ ತೊಟ್ಟಿಲೂ ಇರತಕ್ಕದ್ದೇ. ತೊಟ್ಟಿಲು ಮೇಲೇರಿ ಕೆಳಗಿಳಿಯುವಾಗ ಹೊಟ್ಟೆಯೊಳಗೆ ಏನೋ ಜಾರಿದಂತಾಗಿ ಚೀರದ ಮಕ್ಕಳಿಲ್ಲ. ಇಳಿದ ಮೇಲೆ ತಲೆ ಹಿಡಿದು ಕುಳಿತುಬಿಡುವ ದೊಡ್ಡವರೂ ಇಲ್ಲದಿಲ್ಲ. ತೊಟ್ಟಿಲು ತಿರುಗಿತು, ತಲೆಯೂ ತಿರುಗಿತು. ಇದರಲ್ಲಿ ಯಾರಿಗೂ ಸೋಜಿಗವೆನಿಸುವುದಿಲ್ಲ.

ಈಗ ಲೋಕದಲ್ಲಿ ಬೇರೊಂದು ಬಗೆಯ ತೊಟ್ಟಿಲು ಹುಟ್ಟಿಕೊಂಡಿದೆ. ಅದಕ್ಕೆ ಕಂಬವಿಲ್ಲ, ಗಾಲಿಯಿಲ್ಲ. ಅದು ಒಂದು ಅಂಗುಲವೂ ಅಲುಗುವುದಿಲ್ಲ. ಪೆಟ್ಟಿಗೆಯಂತಹ ಕನ್ನಡಕವೊಂದನ್ನು ಕಣ್ಣಿಗೆ ಬಿಗಿದುಕೊಂಡರೆ ಸಾಕು. ಎದುರಿನ ಗೋಡೆ, ಕಾಲ ಕೆಳಗಿನ ನೆಲ, ಪಕ್ಕದಲ್ಲಿ ನಿಂತ ಒಡಹುಟ್ಟು ಎಲ್ಲವೂ ಮರೆಯಾಗಿ, ಬೆಟ್ಟದ ಕೋಡೋ ಕಡಲ ತಳವೋ ಆಕಾಶದ ಬಯಲೋ ಸುತ್ತಲೂ ತೆರೆದುಕೊಳ್ಳುತ್ತದೆ. ತಲೆ ತಿರುಗಿಸಿದತ್ತ ನೋಟವೂ ತಿರುಗುತ್ತದೆ. ಇದನ್ನು ವರ್ಚುವಲ್ ರಿಯಾಲಿಟಿ ಎಂದೂ ಚಿಕ್ಕದಾಗಿ ವಿ.ಆರ್. ಎಂದೂ ಜನರು ಕರೆಯುತ್ತಾರೆ. ಈ ಲೇಖನದ ಮಟ್ಟಿಗೆ ನಾವು ಮಾಯಾಕನ್ನಡಕವೆನ್ನೋಣ. ಪಟ್ಟಣಗಳ ಮಾಲುಗಳಲ್ಲಿಯೂ ವಸ್ತುಪ್ರದರ್ಶನಗಳಲ್ಲಿಯೂ ಹಣ ತೆತ್ತು ಇದನ್ನು ಧರಿಸುವ ಮಳಿಗೆಗಳು ನಡೆಯುತ್ತಿವೆ. ಅನುಕೂಲಸ್ಥರ ಮನೆಗಳನ್ನೂ ಇದು ಹೊಕ್ಕಿದೆ. ಇಂದು ಕಾಣದ ಊರಿಗೆ ನಾಳೆ ಬಂದೀತು. ಈ ಮಳಿಗೆಗಳಲ್ಲಿ ನಡೆಯುವುದೇನು? ಕುರ್ಚಿಯಲ್ಲಿ ಕುಳಿತವನು ಅದರ ತೋಳುಗಳನ್ನು ಬಿಗಿಹಿಡಿದು ಬೆವರುತ್ತಾನೆ. ಸಮತಟ್ಟಾದ ನೆಲದ ಮೇಲೆ ನಿಂತವಳು ಪ್ರಪಾತದ ಅಂಚಿನಲ್ಲಿ ನಿಂತಂತೆ ನಡುಗುತ್ತಾಳೆ. ಕೆಲವರು ಇಲ್ಲದ ಆಸರೆಗೆ ಕೈಚಾಚಿ ಮುಗ್ಗರಿಸುತ್ತಾರೆ. ಕೆಲವರಿಗೆ ವಾಂತಿಯೇ ಆಗುತ್ತದೆ. ಸುತ್ತ ನಿಂತವರು ನಗುತ್ತಾರೆ; ಬಿದ್ದವನ ಚಿತ್ರವು ಆ ನಗೆಯೊಡನೆ ಮೊಬೈಲಿನಲ್ಲಿ ಸೆರೆಯಾಗಿ ಊರೆಲ್ಲ ಹರಡುತ್ತದೆ. ಈ ನಡುಕದ ವಿಷಯವಾಗಿಯೂ ಆ ನಗೆಯ ವಿಷಯವಾಗಿಯೂ ನಾಲ್ಕು ಮಾತು ಹೇಳುವುದು ಅವಶ್ಯವೆಂದು ನಮಗೆ ತೋರುತ್ತದೆ.

ಮೊದಲು ನಡುಕದ ಮಾತು. ಕಲ್ಪಿತವಾದುದಕ್ಕೆ ಮೈ ನಿಜವಾಗಿ ಮಿಡಿಯುವುದೆಂಬುದು ನಮ್ಮ ಹಿರಿಯರಿಗೆ ಹೊಸ ಸಂಗತಿಯಾಗಿರಲಿಲ್ಲ. ಭರತನ ನಾಟ್ಯಶಾಸ್ತ್ರವು ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿದೆ. ಮರಗಟ್ಟಿ ನಿಲ್ಲುವುದು, ಬೆವರುವುದು, ಮೈನವಿರೇಳುವುದು, ಗಂಟಲು ಕಟ್ಟುವುದು, ನಡುಗುವುದು, ಮೋರೆ ಬಿಳಿಚುವುದು, ಕಣ್ಣೀರು ಬರುವುದು, ಎಚ್ಚರ ತಪ್ಪುವುದು ಎಂದು ತಿಳಿಗನ್ನಡದಲ್ಲಿ ಹೇಳಬಹುದು. ಮನಸ್ಸು ಬೇರೆಡೆ ಇರುವವನಿಂದ ಇವು ಸಾಧ್ಯವಾಗವು, ಮನಸ್ಸು ಒಂದೆಡೆ ನೆಲೆಸಿದಾಗಲೇ ಹುಟ್ಟುವುವು ಎಂದು ಆ ಶಾಸ್ತ್ರವೇ ಹೇಳುತ್ತದೆ. ಮಾಯಾಕನ್ನಡಕದ ಮಳಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಈ ಎಂಟರಲ್ಲಿ ಹೆಚ್ಚಿನವು ಕಾಣಸಿಗುತ್ತವೆ. ವಾಂತಿಯೊಂದು ಮಾತ್ರ ಭರತನ ಪಟ್ಟಿಯಲ್ಲಿಲ್ಲ. ಅದನ್ನು ಸೇರಿಸಿದ ಕೀರ್ತಿಯು ನಮ್ಮ ಕಾಲದ ಯಂತ್ರಕ್ಕೇ ಸಲ್ಲತಕ್ಕದ್ದು.

ಆದರೆ ರಂಗಕ್ಕೂ ಈ ಯಂತ್ರಕ್ಕೂ ಒಂದು ದೊಡ್ಡ ಭೇದವುಂಟು. ದೇವೀಮಾಹಾತ್ಮ್ಯದ ಆಟದಲ್ಲಿ ಮಹಿಷಾಸುರನು ಪಂಜು ಬೀಸುತ್ತ ಜನರ ನಡುವಿನಿಂದಲೇ ನುಗ್ಗಿ ಬಂದಾಗ ಎದೆ ಝಲ್ಲೆನ್ನುತ್ತದೆ; ಆದರೂ ಅದು ವೇಷವೆಂಬ ಅರಿವು ಕಣ್ಣಂಚಿನಲ್ಲಿಯೇ ಕಾದಿರುತ್ತದೆ. ಪಕ್ಕದಲ್ಲಿ ಕುಳಿತವರು ಕಾಣುತ್ತಾರೆ, ದೀಪ ಕಾಣುತ್ತದೆ, ಭಾಗವತರ ಜಾಗಟೆ ಕೇಳಿಸುತ್ತದೆ. 1895ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಲೂಮಿಯೇರ್ ಸೋದರರ ಚಲಚ್ಚಿತ್ರವು 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದಿತು. ಪರದೆಯ ಮೇಲೆ ರೈಲುಗಾಡಿ ಎದುರುಬಂದುದನ್ನು ಕಂಡು ಪ್ಯಾರಿಸಿನ ಪ್ರೇಕ್ಷಕರು ಎದ್ದು ಓಡಿದರೆಂಬ ಕಥೆಯೊಂದು ಲೋಕಪ್ರಸಿದ್ಧವಾಗಿದೆ. ಇತಿಹಾಸಕಾರರು ಅದನ್ನು ನಂಬುವುದಿಲ್ಲ. ನಂಬದಿರುವುದೇ ಸರಿ. ಪರದೆಗೆ ನಾಲ್ಕು ಅಂಚುಗಳಿದ್ದವು, ಅಂಚಿನಾಚೆ ಗೋಡೆಯಿತ್ತು. ಮಾಯಾಕನ್ನಡಕವು ಅಳಿಸಿಹಾಕಿರುವುದು ಈ ಅಂಚನ್ನೇ. ಇಲ್ಲಿ ನೋಡುವವನು ರಂಗದ ಎದುರಿಗಿಲ್ಲ, ಒಳಗೆ ಇದ್ದಾನೆ. ಇದು ಸುಳ್ಳೆಂದು ಬುದ್ಧಿ ಹೇಳುತ್ತಲೇ ಇರುತ್ತದೆ. ಮೈ ಮಾತ್ರ ಒಪ್ಪುವುದಿಲ್ಲ.

ಮೈ ಏಕೆ ಒಪ್ಪುವುದಿಲ್ಲವೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಆಗುಂಬೆಯ ಘಾಟಿಯವರೆಗೆ ಹೋದರೆ ಸಾಕು. ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಮೇಲೆ ಉಡುಪಿಗೆ ಹೋಗುವ ಬಸ್ಸು ಆಗುಂಬೆಯಲ್ಲಿ 14 ಕಡಿದಾದ ತಿರುವುಗಳನ್ನು ಇಳಿಯುತ್ತದೆ. ನಿಂಬೆಹಣ್ಣು ಮೂಸುತ್ತ, ಶುಂಠಿ ಅಗಿಯುತ್ತ, ಕಿಟಕಿಯ ಪಕ್ಕದ ಜಾಗಕ್ಕಾಗಿ ಬೇಡಿಕೊಳ್ಳುತ್ತ ಕುಳಿತ ಪ್ರಯಾಣಿಕರನ್ನು ಮಲೆನಾಡಿನವರೆಲ್ಲರೂ ಬಲ್ಲರು. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲಾಕಾರದ ನಾಳಗಳೂ ಎರಡು ಸಣ್ಣ ಚೀಲಗಳೂ ಇವೆ. ತಲೆ ತಿರುಗಿದುದನ್ನು ನಾಳಗಳೂ, ಬಾಗಿದುದನ್ನೂ ಮುನ್ನುಗ್ಗಿದುದನ್ನೂ ಚೀಲಗಳೂ ಮಿದುಳಿಗೆ ತಿಳಿಸುತ್ತವೆ. ಕಿವಿಗೆ ಬಿಸಿನೀರು ಬಿಟ್ಟಾಗ ಕಣ್ಣುಗುಡ್ಡೆ ಒಂದು ಕಡೆಗೂ ತಣ್ಣೀರು ಬಿಟ್ಟಾಗ ಇನ್ನೊಂದು ಕಡೆಗೂ ತುಡಿಯುವುದನ್ನು ಗಮನಿಸಿ, ಈ ಅಂಗದ ಮರ್ಮವನ್ನು ಬಿಡಿಸಿದ ರಾಬರ್ಟ್ ಬಾರಾನಿ ಎಂಬ ವೈದ್ಯನಿಗೆ 1914ರ ನೊಬೆಲ್ ಬಹುಮಾನವು ಸಂದಿತು. ಬಸ್ಸಿನೊಳಗೆ ಎದುರಿನ ಸೀಟಿನ ಬೆನ್ನನ್ನೋ ಕೈಯಲ್ಲಿರುವ ಪತ್ರಿಕೆಯನ್ನೋ ನೋಡುತ್ತಿರುವವನ ಕಣ್ಣು 'ನಾವು ನಿಂತಿದ್ದೇವೆ' ಎನ್ನುತ್ತದೆ. ಕಿವಿ 'ಇಲ್ಲ, ತಿರುಗುತ್ತಿದ್ದೇವೆ' ಎನ್ನುತ್ತದೆ. ಇಬ್ಬರು ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಾಗ ನ್ಯಾಯಾಧೀಶನಾದ ಮಿದುಳು ಗೊಂದಲಕ್ಕೀಡಾಗುತ್ತದೆ. ಅದರ ದಂಡವನ್ನು ತೆರುವುದು ಹೊಟ್ಟೆ. ಮುಂದಿನ ತಿರುವನ್ನು ತಾನೇ ಕಂಡು ತಾನೇ ತಿರುಗಿಸುವ ಚಾಲಕನಿಗೆ ಮಾತ್ರ ಈ ಬಾಧೆ ಇಲ್ಲ. ಬರಲಿರುವುದನ್ನು ಅವನ ಮೈ ಮೊದಲೇ ಬಲ್ಲದು.

ಮಾಯಾಕನ್ನಡಕದಲ್ಲಿ ಇದೇ ವ್ಯಾಜ್ಯವು ತಲೆಕೆಳಗಾಗಿ ನಡೆಯುತ್ತದೆ. ಕಣ್ಣು 'ಹಾರುತ್ತಿದ್ದೇವೆ' ಎನ್ನುತ್ತದೆ. ಕಿವಿ 'ಕುರ್ಚಿಯಲ್ಲಿ ಕುಳಿತಿದ್ದೇವೆ' ಎನ್ನುತ್ತದೆ. ಮೇಲಾಗಿ ತಲೆ ಹೊರಳಿದ ಕ್ಷಣದಲ್ಲಿಯೇ ನೋಟವೂ ಹೊರಳಬೇಕು. ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತಡವಾದರೆ ಮೈ ಅದನ್ನು ಪತ್ತೆಹಚ್ಚುತ್ತದೆಂದು ಯಂತ್ರ ನಿರ್ಮಿಸುವವರೇ ಲೆಕ್ಕವಿಟ್ಟಿದ್ದಾರೆ. ಐವನ್ ಸದರ್ಲೆಂಡ್ ಎಂಬ ವಿಜ್ಞಾನಿ 1968ರಲ್ಲಿ ಛಾವಣಿಗೆ ಜೋಡಿಸಿದ ದಂಡದೊಡನೆ ಇಂತಹ ಮೊದಲ ಉಪಕರಣವನ್ನು ತಲೆಗೆ ತೊಡಿಸಿದಂದಿನಿಂದ ಇಂದಿನ ಹಗುರವಾದ ಕನ್ನಡಕದವರೆಗೆ ಯಂತ್ರವು ಬಹು ದೂರ ಬಂದಿದೆ. ಒಳಕಿವಿ ಮಾತ್ರ ಇದ್ದಲ್ಲಿಯೇ ಇದೆ. ಇಷ್ಟಕ್ಕೂ ವಾಂತಿಯೇ ಏಕಾಗಬೇಕು? 1977ರಲ್ಲಿ ಮಿಶೆಲ್ ಟ್ರೈಸ್ಮನ್ ಎಂಬವರು ಒಂದು ಊಹೆಯನ್ನು ಮುಂದಿಟ್ಟರು. ಕಾಡಿನಲ್ಲಿ ಬದುಕುತ್ತಿದ್ದ ಮಾನವನಿಗೆ ಕಣ್ಣೂ ಕಿವಿಯೂ ಹೊಂದಿಕೆ ತಪ್ಪುತ್ತಿದ್ದುದು ವಿಷಪದಾರ್ಥವನ್ನು ತಿಂದಾಗ. ಆದುದರಿಂದ ಅಂತಹ ಗೊಂದಲವಾದೊಡನೆ ಹೊಟ್ಟೆಯಲ್ಲಿದ್ದುದನ್ನು ಹೊರಹಾಕುವುದು ಮೈ ಕಲಿತ ರಕ್ಷಣೆ ಎಂದು. ಇದು ಊಹೆಯಾದರೂ ವಿಚಾರಾರ್ಹವಾಗಿದೆ. ಹಾಗಾದಲ್ಲಿ ಮಳಿಗೆಯಲ್ಲಿ ವಾಂತಿ ಮಾಡಿಕೊಂಡವನ ಮೈ ತನ್ನ ಒಡೆಯನನ್ನು ಉಳಿಸಲು ಹೊರಟಿತ್ತೆಂದೇ ತಿಳಿಯಬೇಕು.

ಇನ್ನು ನಗೆಯ ಮಾತು. ಮಾಯಾಕನ್ನಡಕ ಧರಿಸಿ ತತ್ತರಿಸಿದವನನ್ನು ಪುಕ್ಕಲನೆಂದೂ ಹಳ್ಳಿಗನೆಂದೂ ಹೀಯಾಳಿಸುವವರಿಗೆ ಮೂರು ಸಂಗತಿಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಒಂದು: 1950ರ ದಶಕದ ಕೊನೆಯಿಂದ ಅಮೆರಿಕದ ನೌಕಾಪಡೆಯೂ ಬಾಹ್ಯಾಕಾಶ ಸಂಸ್ಥೆಯೂ ಗಾಲೊಡೆಟ್ ಕಾಲೇಜಿನ ಹನ್ನೊಂದು ಮಂದಿ ಕಿವುಡರನ್ನು ಪರೀಕ್ಷೆಗೊಳಪಡಿಸಿದವು. ಅವರಲ್ಲಿ ಹತ್ತು ಮಂದಿಗೆ ಎಳವೆಯಲ್ಲಿ ಮಿದುಳುಪೊರೆಯ ಜ್ವರ ಬಂದು ಒಳಕಿವಿಯ ತೂಕದ ಅರಿವು ನಾಶವಾಗಿತ್ತು. ಕಡಲು ಕೆರಳಿದ್ದ ದಿನ ಹಡಗಿನಲ್ಲಿ ಅವರು ನಿಶ್ಚಿಂತೆಯಿಂದ ಇಸ್ಪೀಟಾಡುತ್ತಿದ್ದರೆ, ಪರೀಕ್ಷಿಸಬಂದ ವಿಜ್ಞಾನಿಗಳೇ ವಾಂತಿಯಿಂದ ಬಳಲಿ ಮಲಗಿದ್ದರು. ಎಂದರೆ, ತಲೆ ತಿರುಗುವುದು ಇಂದ್ರಿಯವು ನೆಟ್ಟಗಿರುವುದರ ಗುರುತು. ಎರಡು: ಅದೇ ಕಾಲದಲ್ಲಿ ಅಮೆರಿಕದಲ್ಲಿ ಹೆಲಿಕಾಪ್ಟರಿನ ಚಾಲನೆಯನ್ನು ನೆಲದ ಮೇಲೆಯೇ ಕಲಿಸುವ ಅಣಕುಯಂತ್ರವೊಂದನ್ನು ಮಾಡಿದರು. ಅದರಲ್ಲಿ ಕುಳಿತು ಅಸ್ವಸ್ಥರಾದವರು ಹೊಸಬರಾದ ವಿದ್ಯಾರ್ಥಿಗಳಲ್ಲಿ 100ಕ್ಕೆ 12 ಮಂದಿಯಾದರೆ, ನುರಿತ ಬೋಧಕರಲ್ಲಿ 60 ಮಂದಿ ಎಂದು 1960ರ ವರದಿ ಹೇಳಿತು. ನಿಜವಾದ ಹಾರಾಟವನ್ನು ಬಲ್ಲ ಮೈಯೇ ಸುಳ್ಳು ಹಾರಾಟವನ್ನು ಬೇಗ ಗುರುತಿಸಿತು. ಮೂರು: ಹೆಂಗಸರಿಗೆ ಈ ಬಾಧೆ ಹೆಚ್ಚೆಂಬ ಮಾತು ಬಹುಕಾಲ ನಡೆದುಬಂದಿತ್ತು. ಕೇ ಸ್ಟ್ಯಾನಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಶೋಧನೆಯಿಂದ, ದೋಷವು ಹೆಣ್ಣಿನ ಮೈಯಲ್ಲಿರದೆ ಕನ್ನಡಕದಲ್ಲಿಯೇ ಇತ್ತೆಂದು ತಿಳಿದುಬಂದಿತು. ಎರಡು ಮಸೂರಗಳ ನಡುವಣ ಅಂತರವು ಅನೇಕ ಹೆಂಗಸರ ಕಣ್ಣುಗಳ ಅಂತರಕ್ಕೆ ಹೊಂದುತ್ತಿರಲಿಲ್ಲ. ಹೊಂದಿದವರಲ್ಲಿ ಗಂಡು ಹೆಣ್ಣೆಂಬ ಭೇದವು ಹೆಚ್ಚಾಗಿ ಕಾಣಲಿಲ್ಲ. ಯಂತ್ರದ ತಪ್ಪನ್ನು ಮನುಷ್ಯರ ಮೇಲೆ ಹೊರಿಸುವುದು ಎಷ್ಟು ಸುಲಭವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಎತ್ತರದ ಭಯವೂ ಇಂತಹದೇ. ಜೋಗದಲ್ಲಿ 253 ಮೀಟರಿನ ಆಳಕ್ಕೆ ಧುಮುಕುವ ರಾಜಾ ಜಲಪಾತವನ್ನು ಕಟಾಂಜನ ಹಿಡಿದು ಬಗ್ಗಿ ನೋಡುವಾಗ ಅಂಗಾಲು ಜುಮ್ಮೆನ್ನದವರು ವಿರಳ. ಅಮೆರಿಕದ ಉತ್ತರ ಕೆರೊಲೈನಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಾಯಾಕನ್ನಡಕದಲ್ಲಿ ಒಂದು ಆಳವಾದ ಗುಂಡಿಯನ್ನು ತೋರಿಸಿ, ಅದರ ಅಂಚಿಗೆ ಬಂದವರ ಎದೆಬಡಿತವನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಗುಂಡಿ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಎದೆಬಡಿತ ಏರಿತು. ಕಾಲ ಕೆಳಗೆ ಒಂದೂವರೆ ಅಂಗುಲ ದಪ್ಪದ ನಿಜವಾದ ಹಲಗೆಯನ್ನಿಟ್ಟು, ಅದರ ಅಂಚು ಪಾದಕ್ಕೆ ತಾಕುವಂತೆ ಮಾಡಿದಾಗ ಇನ್ನೂ ಹೆಚ್ಚಾಗಿ ಏರಿತು. ಒಂದೂವರೆ ಅಂಗುಲದ ಸತ್ಯವನ್ನು ಬೆರೆಸಿದರೆ ಸುಳ್ಳಿನ ಗುಂಡಿಯೂ ಆಳವಾಗುತ್ತದೆಯೆಂಬುದು ಪತ್ರಿಕೆ ನಡೆಸುವ ನಮ್ಮಂಥವರಿಗೂ ಪತ್ರಿಕೆಯನ್ನೋದುವ ಮಹಾಜನರಿಗೂ ಬೇರೆ ಅರ್ಥದಲ್ಲಿಯೂ ಮನನೀಯವಾಗಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಈ ಯಂತ್ರವು ತ್ಯಾಜ್ಯವೆಂದು ನಾವು ಸಾರುತ್ತಿದ್ದೇವೆಂದು ಯಾರೂ ಭಾವಿಸಬಾರದು. ಮೈಯನ್ನು ನಡುಗಿಸಬಲ್ಲ ಶಕ್ತಿಯೇ ಮೈಯನ್ನು ಸಂತೈಸಲೂ ಬಲ್ಲದು. 1995ರಲ್ಲಿ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು ಎತ್ತರಕ್ಕೆ ಅಂಜುವವರನ್ನು ಕಲ್ಪಿತವಾದ ಸೇತುವೆ ಉಪ್ಪರಿಗೆಗಳ ಮೇಲೆ ಮೆಲ್ಲಮೆಲ್ಲನೆ ನಡೆಸಿ ಅವರ ಅಂಜಿಕೆಯನ್ನು ತಗ್ಗಿಸಿದರು. 2018ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು 100 ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಕಲ್ಪಿತವಾದ ಹತ್ತಂತಸ್ತಿನ ಕಟ್ಟಡದಲ್ಲಿ ಚಿಕಿತ್ಸೆ ಪಡೆದವರ ಭಯವು ಸರಾಸರಿ 100ಕ್ಕೆ 68ರಷ್ಟು ಇಳಿಯಿತು. ಸುಟ್ಟಗಾಯದ ರೋಗಿಗಳಿಗೆ ಗಾಯ ತೊಳೆಯುವ ವೇಳೆಯಲ್ಲಿ ಹಿಮದ ಕಣಿವೆಯೊಂದನ್ನು ತೋರಿಸಿ ನೋವನ್ನು ಮರೆಸುವ ಪ್ರಯೋಗವನ್ನು ಸಿಯಾಟಲ್ ನಗರದ ಹಂಟರ್ ಹಾಫ್‌ಮನ್ ನಡೆಸಿದರು. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯ ಕುಲುಮೆಯ ಬೆಂಕಿಯನ್ನೂ ಎತ್ತರದ ಕ್ರೇನುಗಳನ್ನೂ ತಲೆಮಾರುಗಳ ಕಾರ್ಮಿಕರು ಮೈಮುಟ್ಟಿ ಕಲಿತರು. ಕಲಿಕೆಗೆ ಕೆಲವರು ಸುಟ್ಟಗಾಯದ ಬೆಲೆಯನ್ನೂ ತೆತ್ತಿರಲು ಸಾಕು. ಬರಲಿರುವ ತಲೆಮಾರಿನ ಕಾರ್ಮಿಕನು ಸುಡದ ಬೆಂಕಿಯ ಎದುರಿಗೆ ಮೊದಲ ಪಾಠ ಕಲಿಯುವುದಾದರೆ ಅದನ್ನು ಬೇಡವೆನ್ನುವ ಅವಿವೇಕಿಗಳು ನಾವಲ್ಲ. ಆದರೆ ವೈದ್ಯನ ಕೊಠಡಿಯಲ್ಲಿಯೂ ಶಿಕ್ಷಣದ ಶಾಲೆಯಲ್ಲಿಯೂ ಈ ಕನ್ನಡಕವನ್ನು ತೊಡಿಸುವವನು ಮೈಯ ಮಾತನ್ನು ಕೇಳುತ್ತಾನೆ; ಸಾಕೆಂದಾಗ ನಿಲ್ಲಿಸುತ್ತಾನೆ. ಮಳಿಗೆಯಲ್ಲಿ ತೊಡಿಸುವವನಿಗೆ ಮುಂದಿನ ಗಿರಾಕಿಯ ಚಿಂತೆ. ನಮ್ಮ ತಕರಾರು ಇರುವುದು ಇಲ್ಲಿ.

ಕನ್ನಡಕ ಮಾಡುವ ಕಂಪನಿಗಳಿಗೆ ಅಪಾಯವು ತಿಳಿಯದೆ ಇಲ್ಲ. ಆಕ್ಯುಲಸ್ ಕನ್ನಡಕದೊಡನೆ ಬಂದ ಎಚ್ಚರಿಕೆಯ ಪುಸ್ತಿಕೆಯಲ್ಲಿ, ಸುಮಾರು 4,000 ಮಂದಿಯಲ್ಲಿ ಒಬ್ಬರಿಗೆ ತೀವ್ರವಾದ ತಲೆಸುತ್ತೋ ಸೆಳವೋ ಬರಬಹುದೆಂದೂ, ಪ್ರತಿ ಅರ್ಧಗಂಟೆಗೆ 10ರಿಂದ 15 ನಿಮಿಷ ವಿರಮಿಸಬೇಕೆಂದೂ, ಅಸ್ವಸ್ಥತೆಯುಳ್ಳವರು ಅದು ಪೂರ್ತಿ ಇಳಿಯುವವರೆಗೆ ವಾಹನ ನಡೆಸಬಾರದೆಂದೂ ಬರೆದಿತ್ತು. ಸೋನಿ ಕಂಪನಿಯು 12 ವರ್ಷಕ್ಕೆ ಕೆಳಗಿನ ಮಕ್ಕಳಿಗೆ ತನ್ನ ಕನ್ನಡಕವು ಸಲ್ಲದೆಂದಿತು. ಮೆಟಾ ಕಂಪನಿಯು ಮೊದಲು 13 ವರ್ಷವೆಂದಿದ್ದುದನ್ನು 2023ರಲ್ಲಿ, ತಂದೆತಾಯಿಗಳ ಉಸ್ತುವಾರಿಯೊಡನೆ, 10ಕ್ಕೆ ಇಳಿಸಿತು. ಈ ಎಚ್ಚರಿಕೆಗಳೆಲ್ಲವೂ ಡಬ್ಬಿಯೊಳಗಿನ ಇಂಗ್ಲಿಷ್ ಕಾಗದದಲ್ಲಿ ಉಳಿದರೆ ಫಲವೇನು? ಡಬ್ಬಿಯನ್ನು ಒಡೆದವನು ಮಳಿಗೆಯ ಮಾಲೀಕ. ಕನ್ನಡಕವನ್ನು ಧರಿಸುವವನು ಬೇರೊಬ್ಬ. ಮೂರ್ಛೆರೋಗವುಳ್ಳ ಹುಡುಗನಿಗೆ, ಬಸುರಿ ಹೆಂಗಸಿಗೆ, ಎದೆಬೇನೆಯ ಮುದುಕನಿಗೆ ಒಂದು ಮಾತು ಕೇಳುವವರು ಯಾರು? ಅಮೆರಿಕದ ನೌಕಾಪಡೆಯು ಅಣಕುಯಂತ್ರದಲ್ಲಿ ಅಸ್ವಸ್ಥರಾದ ಚಾಲಕರು ಕೆಲವು ಗಂಟೆಗಳ ಕಾಲ ವಿಮಾನ ಹಾರಿಸಕೂಡದೆಂಬ ಕಟ್ಟುಪಾಡನ್ನಿಟ್ಟುಕೊಂಡಿತ್ತು. ನಮ್ಮ ತರುಣನಾದರೋ ತಲೆ ಇನ್ನೂ ತೂಗುತ್ತಿರುವಾಗಲೇ ಬೈಕನ್ನೇರಿ ಬಿ.ಎಚ್. ರಸ್ತೆಯ ಲಾರಿಗಳ ನಡುವೆ ನುಗ್ಗುತ್ತಾನೆ. ಮಳಿಗೆಯಲ್ಲಿ ಬಿದ್ದದ್ದು ನಗೆಯ ವಿಷಯವಾದೀತು. ರಸ್ತೆಯಲ್ಲಿ ಬಿದ್ದರೆ ಯಾರು ನಕ್ಕಾರು?

ಆದುದರಿಂದ ಶಿವಮೊಗ್ಗದ ಮಹಾನಗರ ಪಾಲಿಕೆಯೂ ಭದ್ರಾವತಿಯ ನಗರಸಭೆಯೂ ನಾಡಿನ ಇತರ ಊರುಗಳ ಆಡಳಿತಗಳೂ ಇಂತಹ ಮಳಿಗೆಗೆ ಪರವಾನಗಿ ಕೊಡುವಾಗ ಕೆಲವು ಷರತ್ತುಗಳನ್ನು ವಿಧಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಯಾರು ಧರಿಸಬಾರದು, ಧರಿಸಿದರೆ ಏನಾಗಬಹುದು ಎಂಬುದನ್ನು ದಪ್ಪಕ್ಷರದ ಕನ್ನಡದಲ್ಲಿ ಬರೆದು ಬಾಗಿಲಲ್ಲಿಯೇ ತೂಗಹಾಕತಕ್ಕದ್ದು. ಓದಬಾರದವರಿಗೆ ಬಾಯಲ್ಲಿ ಹೇಳತಕ್ಕದ್ದು. ಕಂಪನಿಯೇ ಬೇಡವೆಂದ ವಯಸ್ಸಿನ ಮಕ್ಕಳಿಗೆ, ತಂದೆತಾಯಿಗಳೇ ಎತ್ತಿ ಕೊಟ್ಟರೂ, ತೊಡಿಸಕೂಡದು. ಮಸೂರಗಳ ಅಂತರವನ್ನು ಧರಿಸುವವರ ಕಣ್ಣಿಗೆ ಹೊಂದಿಸಿ ಕೊಡಬೇಕು. ನಿಂತು ನೋಡುವವರ ಪಕ್ಕದಲ್ಲಿ ಕೈಯಾಸರೆಗೆ ಒಬ್ಬ ಆಳು ಇರಬೇಕು. ಬೆವರೋ ಬಿಳಿಚೋ ಕಂಡೊಡನೆ ಅವನು ಆಟವನ್ನು ನಿಲ್ಲಿಸಬೇಕು. ಕನ್ನಡಕ ತೆಗೆದ ಮೇಲೆ ಕುಳಿತು ಸುಧಾರಿಸಿಕೊಳ್ಳಲು ಬೆಂಚೂ ಕುಡಿಯಲು ನೀರೂ ಇರಬೇಕು. ಒಬ್ಬರ ಮೋರೆಗೆ ತಾಗಿದುದನ್ನು ಒರೆಸದೆ ಇನ್ನೊಬ್ಬರ ಮೋರೆಗೆ ಕಟ್ಟಬಾರದು. ಧರಿಸಿದವರ ಒಪ್ಪಿಗೆಯಿಲ್ಲದೆ ಅವರ ಚಿತ್ರವನ್ನು ಹಿಡಿಯಲು ಬಿಡಬಾರದು. ಇವುಗಳಲ್ಲಿ ಯಾವುದೊಂದಕ್ಕೂ ದೊಡ್ಡ ಬಂಡವಾಳ ಬೇಕಾಗಿಲ್ಲ. ಸ್ವಲ್ಪ ಮನುಷ್ಯತ್ವವಿದ್ದರೆ ಸಾಕು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಅರಿಯದವರಲ್ಲ. ಭಯಪಡುವುದಕ್ಕೆಂದೇ ಹಣ ಕೊಟ್ಟು ಬರುವವನನ್ನು ತಡೆಯಲು ನೀವಾರು ಎಂದು ಕೆಲವರು ಕೇಳಿಯಾರು. ತಡೆಯಬೇಕೆಂದು ನಾವು ಹೇಳಿಲ್ಲ. ತಿಳಿದು ಭಯಪಡಲೆಂದೇ ಹೇಳುತ್ತಿದ್ದೇವೆ. ತೊಟ್ಟಿಲನ್ನೇರುವವನಿಗೆ ಅದು ತಿರುಗುವುದು ಕಣ್ಣಿಗೆ ಕಾಣುತ್ತದೆ. ಏರುವ ಮೊದಲೇ ಅವನು ತನ್ನ ಹೊಟ್ಟೆಯನ್ನು ಕೇಳಿಕೊಳ್ಳಬಹುದು. ಮಾಯಾಕನ್ನಡಕವು ಹೊರಗಿನಿಂದ ಆಟದ ಸಾಮಾನಿನಂತೆ ಕಾಣುತ್ತದೆ. ಅದರ ತಿರುಗಾಟವು ಒಳಗೆ ಹೊಕ್ಕವನಿಗೆ ಮಾತ್ರ ಗೊತ್ತು. ಕಾಣದ ಅಪಾಯವನ್ನು ಕಾಣಿಸುವುದು ಮಾರುವವನ ಧರ್ಮವು. ನಾಲ್ಕಾರು ಸಲ ಧರಿಸಿದರೆ ಅಭ್ಯಾಸವಾಗಿಹೋಗುತ್ತದೆಯೆಂದು ಇನ್ನು ಕೆಲವರು ಹೇಳಿಯಾರು. ಅನೇಕರಿಗೆ ಹಾಗೆ ಆಗುವುದೂ ನಿಜವೇ. ಆದರೆ ಅಭ್ಯಾಸವು ಸ್ವಲ್ಪಸ್ವಲ್ಪವಾಗಿ, ವಿರಾಮ ಕೊಟ್ಟು ಬರುವಂತಹದು. ವಾಂತಿ ಬರುವಾಗಲೂ 'ತಡೆದುಕೋ, ಗಂಡಸಲ್ಲವೆ' ಎಂದು ಬೆನ್ನು ತಟ್ಟುವುದರಿಂದ ಬರುವಂತಹದಲ್ಲ.

ಮುಂದಿನ ದಿನಗಳಲ್ಲಿ ಕಣ್ಣನ್ನು ವಂಚಿಸುವ ಯಂತ್ರಗಳು ಇನ್ನೂ ಜಾಣತನದಿಂದ ಬರಲಿವೆ. ನಮ್ಮ ಬುದ್ಧಿಯು ಓದಿನಿಂದಲೂ ಜಾಹೀರಾತಿನಿಂದಲೂ ಪರರ ಮಾತಿನಿಂದಲೂ ಬದಲಾಗುವಂತಹದು. ಒಳಕಿವಿಯ ಹನಿ ದ್ರವವಾದರೋ ಯಾರ ಮುಲಾಜಿಗೂ ಒಳಗಾಗದೆ, ನಿಂತಿದ್ದರೆ ನಿಂತಿದ್ದೇವೆಂದೂ ತಿರುಗಿದರೆ ತಿರುಗಿದ್ದೇವೆಂದೂ ಸಾಕ್ಷಿ ನುಡಿಯುತ್ತದೆ. ಇಷ್ಟು ಪ್ರಾಮಾಣಿಕವಾದ ಸಾಕ್ಷಿಯನ್ನು ನಕ್ಕು ಓಡಿಸುವುದು ವಿವೇಕಿಗಳಾದ ಜನರ ಲಕ್ಷಣವಲ್ಲ. ಮೈ ಸಾಕೆಂದಾಗ ಕನ್ನಡಕವನ್ನು ತೆಗೆದಿಡುವ ಧೈರ್ಯವನ್ನು ನಮ್ಮ ತರುಣರೂ, ಹಾಗೆ ತೆಗೆದಿಟ್ಟವರ ಕೈಹಿಡಿದು ಕುಳ್ಳಿರಿಸುವ ಸೌಜನ್ಯವನ್ನು ಸುತ್ತ ನಿಂತವರೂ, ಎರಡಕ್ಕೂ ಎಡೆಮಾಡಿಕೊಡುವ ಕಟ್ಟುಪಾಡನ್ನು ನಮ್ಮ ಆಡಳಿತಗಳೂ ತಡಮಾಡದೆ ಬೆಳೆಸಿಕೊಳ್ಳುವುವೆಂದು ನಾವು ನಿರೀಕ್ಷಿಸುತ್ತೇವೆ.